ಮಡಿಲಲ್ಲಿ ಮಿಸುಕಿದ ಚೀಲ

ನನ್ನ ಮಡಿಲಲ್ಲಿದ್ದ ಚೀಲ ಮಿಸುಕಿತು. ಚೀಲ ನನ್ನದಲ್ಲ, ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ ನನ್ನ ಸೀಟಿನ ಪಕ್ಕ ನಿಂತಿದ್ದ ಬುರ್ಖಾ ತೊಟ್ಟ ಹೆಂಗಸಿನದು. ನಿಂತವರ ಚೀಲವನ್ನು ಕೂತವರು ಹಿಡಿದುಕೊಳ್ಳುವುದು ನಮ್ಮ ಸಿಟಿ ಬಸ್ಸಿನ ರೂಢಿ. ನಾನೇ ಕೇಳಿ ತೆಗೆದುಕೊಂಡಿದ್ದೆ.

“ಇದರಲ್ಲಿ ಎಂತ ಉಂಟು?” ಎಂದೆ.

“ಏಡಿ. ಜೀವ ಉಂಟು, ಹೆದರ್ಬೇಡಿ” ಎಂದವರು ನನ್ನ ಮುಖ ನೋಡಿ ತಾವೇ ಹೆದರಿದರು. “ಅಯ್ಯೋ ಅಕ್ಕಾ, ನೀವು ಮೀನು ತಿನ್ನದವರಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ!”

ಸೋಮವಾರ ನೀರುಳ್ಳಿಗೂ ರಜೆ ಇರುವ ಮನೆ ನಮ್ಮದು. ಆದರೂ ಜಂಬ ಬಿಡದೆ, “ತಿನ್ನುದಿಲ್ಲ. ಹಿಡ್ಕೊಳ್ಳಲಿಕ್ಕೆ ಎಂತ ತೊಂದರೆ?” ಎಂದೆ.

ತೊಂದರೆ ಇದ್ದದ್ದು ಏಡಿಗೆ. ಚೀಲದ ತೂತಿನಿಂದ ಇಕ್ಕಳದಂಥ ಕಾಲು ಚಾಚಿ ನನ್ನ ಸೆರಗನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಇಡೀ ಬಸ್ಸು ತುಳು, ಬ್ಯಾರಿ, ಕೊಂಕಣಿಯಲ್ಲಿ ಸಲಹೆ ಕೊಟ್ಟಿತು. ಕಂಡಕ್ಟರ್ ಏಡಿಗೂ ಟಿಕೆಟ್ ಕೇಳಿದ. ಚೀಲದವರು ಏಡಿಯನ್ನು ಬ್ಯಾರಿಯಲ್ಲಿ ಗದರುತ್ತಾ ಬಿಡಿಸುವಷ್ಟರಲ್ಲಿ ಸೆರಗು ಹರಿದಿತ್ತು, ನಾನು ಇಳಿಯಬೇಕಾದ ಸ್ಟಾಪೂ ದಾಟಿತ್ತು.

ತಕ್ಷಣ ಅವರು ತಮ್ಮ ತಲೆವಸ್ತ್ರದ ಮುತ್ತಿನ ಪಿನ್ನನ್ನೇ ಕಿತ್ತು, ಹರಿದದ್ದು ಕಾಣದಂತೆ ನನ್ನ ಸೆರಗು ಮಡಚಿ ಚುಚ್ಚಿದರು. ಈಗ ಅವರ ಒಂದು ಕೈ ಜಾರುವ ತಲೆವಸ್ತ್ರಕ್ಕೆ, ಇನ್ನೊಂದು ಬಸ್ಸಿನ ಕಂಬಿಗೆ. ಹಾಗಾಗಿ ಏಡಿ ಅವರು ಇಳಿಯುವ ಕಂಕನಾಡಿಯವರೆಗೂ ನನ್ನ ಮಡಿಲಲ್ಲೇ ಬಂತು.

ಆ ಪಿನ್ನು ನಮ್ಮ ಅತ್ತೆಗೆ ಎಷ್ಟು ಇಷ್ಟವಾಯಿತೆಂದರೆ, ಪ್ರತಿ ಸೋಮವಾರ ಅದನ್ನೇ ಚುಚ್ಚಿಕೊಂಡು ದೇವಸ್ಥಾನಕ್ಕೆ ಹೋಗುತ್ತಾರೆ. ಕೊಟ್ಟವರು ಯಾರೆಂದು ಅವರಿಗೆ ಹೇಳಿದ್ದೇನೆ. ಏಡಿಯ ವಿಷಯ ಮಾತ್ರ ಇನ್ನೂ ಹೇಳಿಲ್ಲ.