ಅಡುಗೆಮನೆ ಬಾಗಿಲ ಮೇಲಿನ ನಕ್ಷತ್ರ

ಸೆರಗಿನ ತುದಿಯನ್ನು ಸದಾ ಸೀಮೆಸುಣ್ಣದಿಂದ ಬೆಳ್ಳಗೆ ಮಾಡಿಕೊಂಡಿರುತ್ತಿದ್ದ ಅಕ್ಕನಿಗೆ ನಾನು ಒಂದು ಗೌರಿ ಹಬ್ಬದಲ್ಲೂ ಬಾಗಿನ ಕೊಟ್ಟಿರಲಿಲ್ಲ. ಮದುವೆಯಾಗಿ ದುದ್ದದಲ್ಲಿರುವ ತಂಗಿಗೆ ಕೊಡುತ್ತಿದ್ದೆ. ಮದುವೆಯಾಗದವಳಿಗೆ ಬಾಗಿನ ಎಂಥದು ಎಂದು ಹಿರಿಯರು ಅಂದರು, ನಾನೂ ಹಾಗೇ ನಡೆದುಕೊಂಡೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಳೆನರಸೀಪುರದಲ್ಲಿ ತೆಂಗಿನಕಾಯಿ ವ್ಯಾಪಾರಕ್ಕೆ ಕೂತವನು. ಅಕ್ಕ ಹಾಸನದಲ್ಲಿ ಕಾಲೇಜು ಮೇಡಂ. ಯೂರೋಪಿನ ಹಳೇ ಭಾಷೆಗಳೆಂದರೆ ಅವಳಿಗೆ ಪ್ರಾಣ. ಒಗ್ಗರಣೆ ಹಾಕುತ್ತಲೇ ಅಡುಗೆಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಪದ ಬರೆಯುವಳು, ಸೆರಗಲ್ಲಿ ಒರೆಸುವಳು. "ಮಾತು ಸಾಯಕ್ಕಿಲ್ಲ ಕಣ್ಲಾ, ಮನೆ ಬದಲಾಯಿಸ್ತದೆ" ಅನ್ನುವಳು. ನನ್ನಂಥವನಿಗೂ ಬೇಸರಿಸದೆ ಹೇಳುವಳು.

ಹೋದ ವರ್ಷ ಹಬ್ಬದ ದಿನ ದುದ್ದಕ್ಕೆ ಹೊರಟವನು, ಅವಳಿಗೆ ನಾಲ್ಕು ಕಾಯಿ ಕೊಟ್ಟು ಹೋಗೋಣವೆಂದು ಹಾಸನದಲ್ಲಿ ಇಳಿದೆ. ಬಾಗಿಲ ಮೇಲೆ 'ಸ್ವೆಸೂರ್' ಎಂದಿತ್ತು. ಮುಂದೊಂದು ನಕ್ಷತ್ರ.

"ಇದೇನಕ್ಕ, ರಂಗೋಲಿನಾ?"

"ಯಾರೂ ಬರೆದಿಟ್ಟಿಲ್ಲದ ಪದಕ್ಕೆ ಆ ಗುರುತು ಕಣ್ಲಾ. ಐರ್ಲೆಂಡಿನೋರು 'ಶಿಯುರ್' ಅಂದ್ರು, ವೇಲ್ಸಿನೋರು 'ಖ್ವಾಯರ್' ಅಂದ್ರು. ಎರಡನ್ನೂ ಹಿಡ್ಕಂಡು ಹಿಂದಕ್ಕೆ ಹೋದ್ರೆ ಅವರ ಹಿರೀಕರ ಮಾತು ಇದು. ನಮ್ಮ ಸಂಸ್ಕೃತದ 'ಸ್ವಸಾ'ಗೂ ನಂಟು. ಒಡಹುಟ್ಟಿದೋಳು ಅಂತ. ಒಡಹುಟ್ಟಿದೋಳ್ದು ಅನ್ನಕ್ಕೆ 'ಸ್ವೆಸ್ರೊಸ್' ಅಂತ ತಿರುಗ್ತದೆ."

"ಅಕ್ಕನಾ, ತಂಗಿನಾ?"

"ಅವರಲ್ಲಿ ಇಬ್ರಿಗೂ ಒಂದೇ ಮಾತು. ಬ್ಯಾರೆ ಮಾಡಕ್ಕಿಲ್ಲ."

ಹೇಳುತ್ತಾ ನನ್ನ ಕೈಲಿದ್ದ ಗಂಟು ನೋಡಿದಳು. ಜೋಡಿ ಮೊರ, ಬಳೆ, ರವಿಕೆ ಕಣ. ಗಂಟು ಬಿಚ್ಚಿ, ಬಳೆಗಳಿಗೆ ಹಳೇ ಪೇಪರು ಸುತ್ತಿ, ಮತ್ತೆ ಬಿಗಿಯಾಗಿ ಕಟ್ಟಿದಳು.

"ಬಸ್ಸಲ್ಲಿ ಕುಲುಕ್ತದೆ, ಒಡದಾವು. ಹುಷಾರಾಗಿ ತಗಂಡೋಗು. ಅವಳು ಕಾಯ್ತಿರ್ತಾಳೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಆದರೂ ಗಂಟು ಎತ್ತಿಕೊಂಡು ಬಸ್ಸು ಹತ್ತಿದೆ.

ಈ ಸಲ ಎರಡು ಬಾಗಿನ ಎಂದಾಗ ಮನೆಯಲ್ಲಿ ಮುಖ ಗಂಟಿಕ್ಕಿದರು. "ಶಾಸ್ತ್ರ ಏನೇ ಇರಲಿ" ಎಂದು ಎರಡು ಗಂಟು ಕಟ್ಟಿಕೊಂಡು ಹೊರಟೆ. ಒಂದನ್ನು ಅವಳ ಅಡುಗೆಮನೆ ಬಾಗಿಲ ಹತ್ತಿರ ಇಟ್ಟೆ.

"ಯಾಕ್ಲಾ ಇಲ್ಲಿಟ್ಟೆ? ದುದ್ದದ ಬಸ್ಸಿಗೆ ಹೊತ್ತಾಗಕ್ಕಿಲ್ವಾ?" ಎನ್ನುತ್ತಾ ಪೇಪರು ಹುಡುಕತೊಡಗಿದಳು.

"ಪೇಪರು ಬ್ಯಾಡಕ್ಕ, ಇದು ಎಲ್ಲೂ ಓಗಕ್ಕಿಲ್ಲ. ನಿಂದು." ಗಂಟನ್ನು ಎತ್ತಿ ಅವಳ ಕೈಗಿಟ್ಟೆ. "ಇಷ್ಟು ವರ್ಷ ಬಾಗಿನಾನ ನಿನ್ನ ಬಾಗಿಲ ಮುಂದೇನೇ ಒತ್ಕಂಡೋದೆ. ತಪ್ಪಾಯ್ತು ಕಣಕ್ಕ."