ಅತ್ತಿಗೆಗೆ ಹೇಳಬಾರದಿದ್ದ ಮೂರು ಸಾಲು

ನಮ್ಮ ವಿದ್ಯುತ್ ಚಿತಾಗಾರದಲ್ಲಿ ಒಲೆ ನೋಡಿಕೊಳ್ಳುವವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನನಗೆ ಅವನು ಅಣ್ಣ. ಒಡಹುಟ್ಟಿದವನೇನಲ್ಲ. ಅವನು ಒಲೆಯ ಮುಂದೆ, ನಾನು ಪಕ್ಕದ ಮೇಜಿನಲ್ಲಿ ಸತ್ತವರ ಹೆಸರು ಬರೆದುಕೊಳ್ಳುತ್ತ, ಹನ್ನೊಂದು ವರ್ಷ ಕಳೆದರೆ ಏನಾದರೊಂದು ಸಂಬಂಧ ಹುಟ್ಟಲೇಬೇಕಲ್ಲ.

ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಲ್ಲಿ ಮೂರು ಮತದವರಿಗೆ ಮೂರು ಕೋಣೆಗಳಿದ್ದವಂತೆ. ಪ್ರತಿ ಹೆಣದ ಜೊತೆಗೂ ಪ್ರಾರ್ಥನೆ ಹೇಳುವವರೊಬ್ಬರು ಬರುತ್ತಿದ್ದರು. ಬಂದವರು ಮೊದಲು ಮಾಡುತ್ತಿದ್ದದ್ದು ಅಣ್ಣನನ್ನು ಹೊರಗೆ ಕಳಿಸುವ ಕೆಲಸ. ಒಲೆಯವನು ಎದುರಿಗಿದ್ದರೆ ಮೂವರ ದೇವರಿಗೂ ಮುನಿಸು. ಆ ಒಂದು ವಿಷಯದಲ್ಲಿ ಮೂರು ಮತಕ್ಕೂ ಭಾರಿ ಒಗ್ಗಟ್ಟು. ಬರಬರುತ್ತ ಹೇಳುವವರು ಕಡಿಮೆಯಾದರು. ನಡುಗೋಡೆ ಒಡೆದು ಒಂದೇ ಹಾಲ್ ಮಾಡಿದರು. ಅರ್ಜಿಯಲ್ಲಿ 'ಮತ' ಎಂದಿದ್ದ ಜಾಗದಲ್ಲಿ 'ಸಂಗೀತ ಬೇಕೇ?' ಎಂದು ಬಂತು. ನಾನು ಸೇರುವ ಹೊತ್ತಿಗೆ ಜನ ಬಂದವರೇ ಕೇಳುತ್ತಿದ್ದದ್ದು ಎರಡೇ ಮಾತು: ಎಷ್ಟು ಹೊತ್ತಾಗುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು.

ನಾನು ಸೇರಿದ ಹೊಸದರಲ್ಲೇ ಒಂದು ದಿನ ತಂದೆಯ ಹೆಣ ತಂದಿದ್ದ ಒಬ್ಬಾತ ತಲೆ ಕೆರೆದುಕೊಳ್ಳುತ್ತ, "ಮೇಸ್ತ್ರಿ, ಈ ಟೈಮಲ್ಲಿ ಏನೋ ಹೇಳ್ತಾರಲ್ಲ, ಅದನ್ನ ನೀವೇ ಹೇಳಿಬಿಡಿ. ನಮಗ್ಯಾರಿಗೂ ಬರಲ್ಲ" ಎಂದ.

ಅಣ್ಣನಿಗೆ ಬರುತ್ತಿದ್ದದ್ದು ಅವನ ತಾಯಿ ಕಲಿಸಿದ್ದ ಮೂರು ಸಾಲು. 'ಬಂದ ದಾರಿ ನಿನ್ನದು, ಹೋಗುವ ದಾರಿಯೂ ನಿನ್ನದು. ನಡುವೆ ದಣಿದವನಿಗೆ ನೆರಳು ಕೊಡು. ತಪ್ಪು ಎಣಿಸದೆ ಹತ್ತಿರ ಕರೆದುಕೋ.' ಹೆಣ್ಣಾದರೆ 'ದಣಿದವಳಿಗೆ' ಎನ್ನುತ್ತಿದ್ದ. ಅಂದಿನಿಂದ ಒಲೆಯ ಸ್ವಿಚ್ಚಿನ ಮೇಲೆ ಕೈಯಿಟ್ಟಾಗಲೆಲ್ಲ ಅವನ ಬಾಯಲ್ಲಿ ಆ ಮೂರು ಸಾಲು ಬರುತ್ತಿದ್ದವು. ಅದು ಯಾವ ಮತದ್ದೆಂದು ಒಬ್ಬರೂ ಕೇಳಲಿಲ್ಲ. ನನಗೆ ದೇವರೆಂದರೆ ಅಷ್ಟಕ್ಕಷ್ಟೇ. "ಮೇಲಿನೋರು ಕೇಳಿಸ್ಕೊಂಡ್ರಂತಾ ಅಣ್ಣಾ?" ಎಂದು ರೇಗಿಸುತ್ತಿದ್ದೆ. "ನಾನು ಕೇಳಿಸ್ಕೊಂಡೆನಲ್ಲ, ಸಾಕು ಬಿಡು" ಎನ್ನುತ್ತಿದ್ದ.

ಅತ್ತಿಗೆ ಮಾತ್ರ ಬೇರೆ ಥರದ ಹೆಂಗಸು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ನಾಲಿಗೆ ಕತ್ತರಿಗಿಂತ ಹರಿತ. ಅವರಿಗೊಬ್ಬಳು ಮಗಳಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಮಲಗಿದಳು. ಅತ್ತಿಗೆ ಹದಿನಾರು ದಿನ ಅನ್ನ ನೀರು ಬಿಟ್ಟು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಕಂಡ ಕಂಡ ದೇವರಿಗೆಲ್ಲ ಮೊರೆಯಿಟ್ಟಳಂತೆ. ಹದಿನೇಳನೇ ದಿನ ಮಗು ಹೋಯಿತು. ಮನೆಗೆ ಬಂದವಳೇ ದೇವರ ಗೂಡು ಖಾಲಿ ಮಾಡಿ ಅದರಲ್ಲಿ ನೂಲಿನ ಉಂಡೆ, ಗುಂಡಿ ಡಬ್ಬಿ ಜೋಡಿಸಿದಳು. ಅಣ್ಣ ಹಿತ್ತಲಲ್ಲಿ ನಿಂತು ಕೈಮುಗಿದರೆ, "ರಾಂಗ್ ನಂಬರ್ರೀ, ಇಟ್ಟುಬಿಡಿ ಫೋನು" ಎಂದು ಒಳಗಿಂದಲೇ ಕೂಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ನೋಡಲು ಹೋದಾಗ, ನನ್ನೆದುರಿಗೇ ಅಣ್ಣನ ಮುಂಗೈ ಹಿಡಿದುಕೊಂಡು ಹೇಳಿದಳು:

"ನನ್ನ ಸರದಿ ಬಂದಾಗ ನೀವು ಬಾಯಿ ಮುಚ್ಕೊಂಡಿರಬೇಕು. ಮಗೂಗೋಸ್ಕರ ಅಷ್ಟು ಕೇಳಿದಾಗ ಅವನು ಬಾಯಿ ಬಿಡಲಿಲ್ಲ. ನನಗೋಸ್ಕರ ಅವನನ್ನ ಏನೂ ಕೇಳಬೇಡಿ. ಆಣೆ ಮಾಡಿ."

"ಯಾರ ಮೇಲೆ ಮಾಡ್ಲಿ?"

"ಮಗು ಮೇಲೆ."

ಸತ್ತ ಮಗುವಿನ ಮೇಲೆ ಅಣ್ಣ ಆಣೆ ಮಾಡಿದ. ಆರನೇ ದಿನ ಅತ್ತಿಗೆ ಹೋದಳು.

ಮಾರನೆಯ ಬೆಳಿಗ್ಗೆ ಅಣ್ಣ ಎಲ್ಲರಿಗಿಂತ ಮೊದಲೇ ಬಂದಿದ್ದ. ನನ್ನನ್ನು ಒಲೆಯ ಹತ್ತಿರ ಕರೆದು, "ಕೈ ಸ್ವಿಚ್ ಮೇಲೆ ಹೋದ್ರೆ ಬಾಯಿ ತಾನಾಗೇ ಶುರುವಾಗುತ್ತೆ ಕಣಮ್ಮ. ಈಗ ಖಾಲಿ ಒಲೆ ಮುಂದೆ ನಿಂತು ನೋಡಿದೆ. ನಾಲ್ಕು ಸಲ ಕೈಯಿಟ್ಟೆ, ನಾಲ್ಕು ಸಲಾನೂ ಹೇಳಿಬಿಟ್ಟೆ. ಇವತ್ತು ನೀನೇ ಒತ್ತು. ನಿನಗೆ ದೇವರೂ ಇಲ್ಲ ದಿಂಡರೂ ಇಲ್ಲ, ನಿನ್ನ ಬಾಯಿ ಗಟ್ಟಿ" ಎಂದ.

ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಹೆಣ ಬಂತು. ಜೊತೆಗೆ ಅತ್ತಿಗೆಯ ತಂಗಿ, ಅಕ್ಕಪಕ್ಕದ ಮನೆಯ ನಾಲ್ವರು. ಸಂಗೀತ ಬೇಡವೆಂದು ನಾನೇ ಅರ್ಜಿಯಲ್ಲಿ ಬರೆದಿದ್ದೆ. ಅಣ್ಣ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಪಕ್ಕ ನಿಂತ. ಬಾಗಿಲು ಮುಚ್ಚಿತು. ಕೆಂಪು ದೀಪ ಹತ್ತಿತು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

"ಬಂದ ದಾರಿ ನಿನ್ನದು, ಹೋಗುವ ದಾರಿಯೂ ನಿನ್ನದು. ನಡುವೆ ದಣಿದವಳಿಗೆ..."

ಅಣ್ಣನೇ ತಡೆಯಲಾರದೆ ಹೇಳಿಬಿಟ್ಟನೆಂದುಕೊಂಡೆ. ಅಷ್ಟರಲ್ಲಿ ಅವನ ಅಂಗೈ ನನ್ನ ಬಾಯಿಗೆ ಬಿತ್ತು. ಹೇಳುತ್ತಿದ್ದವಳು ನಾನು. ಹನ್ನೊಂದು ವರ್ಷ ದಿನಕ್ಕೆ ನಾಲ್ಕೈದು ಸಲ ಕೇಳಿದ್ದು, ಬೆರಳು ಸ್ವಿಚ್ಚಿಗೆ ತಾಗಿದ್ದೇ ತಡ, ನನ್ನ ಬಾಯಿಂದಲೂ ಹೊರಟಿತ್ತು. ಒಳಗೆ ಒಲೆ ಆಗಲೇ ಹತ್ತಿಕೊಂಡಿತ್ತು.

ಬಂದವರು ಹೋದ ಮೇಲೆ ಅವನ ಪಕ್ಕ ಬೆಂಚಿನ ಮೇಲೆ ಕೂತು ಅತ್ತೆ.

"ಅಣ್ಣಾ, ಬೇಕಂತ ಹೇಳಿದ್ದಲ್ಲ."

"ಗೊತ್ತು."

ಒಲೆಯ ಕೆಂಪು ದೀಪ ನೋಡುತ್ತ ಕೇಳಿದ: "ಎಲ್ಲಿವರೆಗೆ ಹೇಳಿದೆ?"

"ದಣಿದವಳಿಗೆ ಅನ್ನೋವರೆಗೆ."

"ಅಂದ್ರೆ, ಕೊಡು ಅಂತ ಕೇಳಲಿಲ್ಲ."

"ಇಲ್ಲ."

ಅತ್ತಿಗೆ ಕೇಳಿದ ಮೌನವೂ ಅವಳಿಗೆ ಸಿಗಲಿಲ್ಲ, ಊರ ಹೆಣಗಳಿಗೆಲ್ಲ ಸಿಕ್ಕ ನೆರಳೂ ಸಿಗಲಿಲ್ಲ. ಎರಡನ್ನೂ ಕಿತ್ತುಕೊಂಡವಳು ನಾನು. ಕೈಮುಗಿದು ಹೇಳಿದೆ, "ಹೇಗೂ ಶುರುವಾಗಿಬಿಡ್ತು. ಮಿಕ್ಕಿದ್ದನ್ನ ನೀನೇ ಹೇಳಿ ಮುಗಿಸಿಬಿಡಣ್ಣ. ಇನ್ನೂ ಉರೀತಿದೆ."

ಅವನ ತುಟಿ ಅಲುಗಿತು. ಮಗಳನ್ನು ಏನೆಂದು ಕರೆಯುತ್ತಿದ್ದನೋ ಆ ಹೆಸರನ್ನು ಒಮ್ಮೆ, ಮೆಲ್ಲಗೆ, ಹೇಳಿದ. ಆಮೇಲೆ ಎರಡೂ ಕೈಯಿಂದ ತನ್ನ ಬಾಯಿ ಒತ್ತಿ ಹಿಡಿದುಕೊಂಡು, ಒಲೆ ಆರುವವರೆಗೂ ಹಾಗೆಯೇ ಕೂತಿದ್ದ.