ಒಂದೇ ಕೋಣೆಯ ಎರಡು ಒಲೆ

ಅವಳನ್ನು ನಾವೆಲ್ಲ ಸುಂಟರಗಾಳಿ ಎನ್ನುತ್ತಿದ್ದೆವು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಹೊಲಿಗೆ ಅಂಗಡಿ, ಔಷಧಿ ಅಂಗಡಿ ಎಲ್ಲೂ ನಿಲ್ಲದೆ ಈ ಅಲೆದಾಟದ ಕೆಲಸಕ್ಕೆ ಬಂದವಳು. ಕುರ್ಚಿ ಕೊಟ್ಟರೂ ತುದಿಯಲ್ಲೇ ಕೂರುವಳು. ಕಾಲುವೆಯ ಈಚೆಯ ವಾರ್ಡಿನ ಮನೆಮಂದಿಯನ್ನು ಎಣಿಸುವುದು ಅವಳು, ಆಚೆಯದನ್ನು ನಾನು. ಎಲ್ಲಿ ಎಷ್ಟು ಹೊಸ ಮನೆ ಬೇಕು ಎಂದು ನಗರಸಭೆ ಎರಡನ್ನೂ ಹೋಲಿಸಿ ನೋಡುತ್ತಿತ್ತು. ಹೋಲಿಸುವುದೇನು ಬಂತು! ನನ್ನ ಕಡೆ ಗಂಡ, ಹೆಂಡತಿ, ಒಂದು ನಾಯಿ, ಉಳಿದದ್ದು ಬೀಗ ಜಡಿದ ಕೋಣೆಗಳು. ಅವಳ ಕಡೆ ಕಾಲು ಚಾಚಿದರೆ ಇನ್ನೊಬ್ಬರ ತಲೆಗೆ ತಾಗುತ್ತಿತ್ತು.

ನಿಯಮವೇನೋ ಸರಳ: ಒಂದು ಒಲೆಯಲ್ಲಿ ಬೇಯಿಸಿ ಉಂಡವರು ಒಂದು ಸಂಸಾರ, ಸಂಸಾರಕ್ಕೊಂದು ಮನೆ. ಎರಡು ಸಂಸಾರವೆಂದು ತೋರಿಸಲು ಜನ ಪಕ್ಕದವರಿಂದ ಇನ್ನೊಂದು ಒಲೆ ತಂದು ಮೂಲೆಯಲ್ಲಿಡುತ್ತಿದ್ದರು. ಸುಂಟರಗಾಳಿ ಬಗ್ಗಿ ಮುಟ್ಟಿ, "ತಣ್ಣಗಿದೆ, ಸೇರ್ಸಲ್ಲ" ಎಂದು ಹೊರಟುಬಿಡುತ್ತಿದ್ದಳು. ಅದನ್ನು ಕೇಳಿ ನನಗೆ ಮೈ ಉರಿಯುತ್ತಿತ್ತು. ಬಿಸಿ ಇದೆ ಅಂದುಬಿಟ್ಟರೆ ಇವಳ ಗಂಟೇನು ಹೋಗುತ್ತಿತ್ತು?

ಅವಳದೂ ಒಂದೇ ಕೋಣೆ. ಅತ್ತೆ, ಗಂಡ, ಪುಟ್ಟ ಮಗಳು, ಮೈದುನ, ಅವನ ಹೊಸ ಹೆಂಡತಿ. ಹೊಸ ಜೋಡಿ ಪಾತ್ರೆಗಳನ್ನು ಸರಿಸಿ ಪರದೆಯ ಮರೆಯಲ್ಲಿ ಮಲಗುತ್ತಿತ್ತು. ಅವರಿಗೊಂದು ಮನೆಯಾಗಲಿ ಎಂದು ಅವಳ ಜೀವ ತಳಮಳಿಸುತ್ತಿತ್ತು. ಆದರೆ ಸುಳ್ಳು ಬರೆಸಲು ಬಾಯಿ ಬಾರದು. ಮೈದುನ ತಂದ ಒಲೆಯನ್ನು ಅತ್ತೆ ಮಂಚದಡಿ ತಳ್ಳಿದ್ದರು: "ನಾನಿರೋವರೆಗೂ ಈ ಮನೆ ಒಡೆಯೋಕೆ ಬಿಡಲ್ಲ."

ಸ್ವಂತ ಬೀದಿಯನ್ನು ತಾವೇ ಎಣಿಸುವಂತಿಲ್ಲ, ಹಾಗಾಗಿ ಅಲ್ಲಿಗೆ ನಾನು ಹೋದೆ. ಅವಳು ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದಳು. ಮೂಲೆಯಲ್ಲಿ ಎರಡನೆಯ ಒಲೆ. ಮುಟ್ಟಿದೆ, ಬೆರಳು ಚುರ್ ಎಂದಿತು.

"ನಾನೇ ಹಚ್ಚಿದ್ದು" ಎಂದರು ಅತ್ತೆ. "ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಸುಳ್ಳು ಹೇಳಲ್ಲ ಅಂತಾಳೆ. ಚಿಕ್ಕವನು ಇನ್ನೆಷ್ಟು ದಿನ ಪರದೆ ಹಿಂದೆ ಮಲಗ್ಬೇಕು? ಸರಿ, ನಿಜಾನೇ ಆಗ್ಲಿ. ನಾನು ಚಿಕ್ಕವನ ಜೊತೆ ಬೇರೆ ಆಗಿದೀನಿ. ಎರಡು ಸಂಸಾರ ಅಂತ ಬರ್ಕೊಳ್ಳಮ್ಮ."

ಸುಂಟರಗಾಳಿ ಓಡಾಡುತ್ತಿದ್ದವಳು ಗಕ್ಕನೆ ನಿಂತಳು. "ಅತ್ತೆ, ಇವತ್ತೊಂದಿನ ತಾನೇ?"

"ಒಂದಿನಕ್ಕಾದ್ರೆ ಅದೂ ಸುಳ್ಳಲ್ವೇನೇ?"

ನಾನು ಬರೆದುಕೊಂಡೆ. ಅಷ್ಟರಲ್ಲಿ ಊಟದ ಹೊತ್ತಾಗಿ ಎರಡೂ ಒಲೆ ಉರಿದವು. ಅತ್ತೆ ಆ ಮೂಲೆಯಲ್ಲಿ ಕೂತು, ಈ ಕಡೆ ತಿರುಗದೆ ಬಡಿಸಿಕೊಂಡರು. ಮಗಳು ತಟ್ಟೆ ಹಿಡಿದು ನಡುವೆ ನಿಂತಳು.

"ಅಮ್ಮಾ, ಅಜ್ಜಿ ಮನೆಗೆ ಹೋಗಿ ಬರ್ಲಾ?"

ಸುಂಟರಗಾಳಿ ನಿಂತಲ್ಲೇ ಕುಸಿದು ಕೂತಳು. ಅವಳು ಪೂರ್ತಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.